ಏಳು ಕುದುರೆ, ಒಂದು ಬಾವಿ

ಉಮರಾಣಿ ಮಹಾರಾಷ್ಟ್ರದ ಗಡಿಯಲ್ಲಿರುವ ನಮ್ಮ ಜತ್ತ ತಾಲ್ಲೂಕಿನ ಊರು. 1673ರ ಏಪ್ರಿಲ್ 15ರಂದು ಶಿವಾಜಿಯ ಸರನೌಬತ, ಅಂದರೆ ಸೇನಾಪತಿ, ಪ್ರತಾಪರಾವ ಗುಜರ ಅಲ್ಲಿ ಬಿಜಾಪುರದ ಸರದಾರ ಬಹಲೋಲಖಾನನ ದಂಡನ್ನು ಸುತ್ತುಗಟ್ಟಿದ. ಹಿಂದಿನ ತಿಂಗಳಷ್ಟೇ ಪನ್ಹಾಳಗಡ ಮರಾಠರ ಕೈಸೇರಿತ್ತು. ಅದನ್ನು ತಿರುಗಿ ಪಡೆಯಲು ಖಾನ ಹೊರಟಿದ್ದ. ಪ್ರತಾಪರಾವ ಹೂಡಿದ ಉಪಾಯ ದೊಡ್ಡದೇನಲ್ಲ. ಖಾನನ ದಂಡಿಗೂ ನೀರಿಗೂ ನಡುವೆ ತನ್ನ ಕುದುರೆಗಳನ್ನು ತಂದು ನಿಲ್ಲಿಸಿದ. ಏಪ್ರಿಲಿನಲ್ಲಿ ಜತ್ತ ಸೀಮೆಯಲ್ಲಿ ನೀರು ಸಿಗದಿದ್ದರೆ ಏನಾಗುತ್ತದೆಂದು ನಮ್ಮ ಕಡೆ ಹುಡುಗರಿಗೂ ಹೇಳಿಕೊಡಬೇಕಿಲ್ಲ. ಹೊತ್ತು ಮುಳುಗುವತನಕ ಕಾದಾಡಿ, ಕೊನೆಗೆ ಖಾನ ಸಂಧಾನಕ್ಕೆ ಬಂದ. ಇನ್ನು ನಿಮ್ಮ ತಂಟೆಗೆ ಬರುವುದಿಲ್ಲ ಎಂದ. ಪ್ರತಾಪರಾವ ಬಿಟ್ಟು ಕಳಿಸಿದ.

ಮುಂದಿನದು ಮಹಾರಾಷ್ಟ್ರದಲ್ಲಿ ಬೆಳೆದ ಮಕ್ಕಳಿಗೆಲ್ಲ ಗೊತ್ತು. ಖಾನ ಮಾತು ತಪ್ಪಿ ಮತ್ತೆ ಬಂದ. ಶಿವಾಜಿ ಮಹಾರಾಜರು ಸಿಟ್ಟಾಗಿ, ಅವನನ್ನು ಮುಗಿಸದೆ ನನಗೆ ಮುಖ ತೋರಿಸಬೇಡ ಎಂದು ಕಾಗದ ಬರೆದರು. ಆ ಮಾತು ಎದೆಗೆ ನಾಟಿ, 1674ರ ಫೆಬ್ರವರಿ 24ರಂದು, ಶಿವರಾತ್ರಿಯ ದಿನ, ಈಗಿನ ಗಡಹಿಂಗ್ಲಜ ತಾಲ್ಲೂಕಿನ ನೇಸರಿಯಲ್ಲಿ, ಪ್ರತಾಪರಾವ ಹಿಂದೆ ದಂಡು ಬರುವುದನ್ನೂ ಕಾಯದೆ ಆರು ಸವಾರರೊಂದಿಗೆ ಖಾನನ ಸೇನೆಯ ಮೇಲೆ ನುಗ್ಗಿದ. ಏಳೂ ಜನ ಸತ್ತರು. ಮರಾಠಿ ಕವಿ ಕುಸುಮಾಗ್ರಜರು ಇದನ್ನು ಕವಿತೆ ಮಾಡಿದರು, ಹೃದಯನಾಥ ಮಂಗೇಶಕರರು ರಾಗ ಹಾಕಿದರು, ಲತಾಬಾಯಿ ಹಾಡಿದರು. ನಾನು ಕನ್ನಡ ಶಾಲೆಯಲ್ಲಿ ಕಲಿತವನು, ಕನ್ನಡ ಶಾಲೆಯಲ್ಲೇ ಮಾಸ್ತರಿಕೆ ಮಾಡಿ ನಿವೃತ್ತನಾದವನು. ಆದರೂ ಈ ಹಾಡು ಬಂದರೆ ನನ್ನ ಕಣ್ಣು ತುಂಬುತ್ತವೆ. ಬಸ್ಸಿನಲ್ಲಾದರೂ ಸರಿ, ಪಾನಪಟ್ಟಿ ಅಂಗಡಿಯ ಮುಂದಾದರೂ ಸರಿ.

ಯಾಕೆ ತುಂಬುತ್ತವೆ ಎಂಬುದು ಈಗ ನನ್ನ ತಕರಾರು.

ಆ ಏಳು ಜನರ ಕಥೆಯನ್ನು ಸುಳ್ಳೆಂದು ತಳ್ಳಿಹಾಕುವುದು ಸುಲಭವಲ್ಲ. ಇತಿಹಾಸಕಾರರ ಕೈಯಲ್ಲಿ ಎರಡು ಮುಖ್ಯ ಬರಹಗಳಿವೆ. ಒಂದು, ಇಂಗ್ಲಿಷರ ಕೆಲಸದ ಮೇಲೆ ರಾಯಗಡಕ್ಕೆ ಹೋಗಿದ್ದ ನಾರಾಯಣ ಶೇಣವಿ ಎಂಬ ದುಭಾಷಿ 1674ರ ಏಪ್ರಿಲಿನಲ್ಲಿ ಮುಂಬಯಿಗೆ ಬರೆದ ಪತ್ರ. ಎರಡು ಗುಡ್ಡಗಳ ನಡುವಿನ ಇಕ್ಕಟ್ಟಿನಲ್ಲಿ ಪ್ರತಾಪರಾವ ಇನ್ನಾರು ಸವಾರರೊಂದಿಗೆ ಸತ್ತ, ಉಳಿದ ದಂಡು ನೆರವಿಗೆ ಬರಲಿಲ್ಲ ಎಂದು ಅದರಲ್ಲಿದೆ. ಕಾಳಗ ನಡೆದು ಎರಡು ತಿಂಗಳೂ ಆಗಿರಲಿಲ್ಲ. ಹಾಗಾಗಿ ಏಳು ಎಂಬ ಲೆಕ್ಕ ಕವಿಯ ಕಲ್ಪನೆಯಲ್ಲ. ಇನ್ನೊಂದು, ಕೃಷ್ಣಾಜಿ ಅನಂತ ಸಭಾಸದ ಬರೆದ ಬಖರು, ಅಂದರೆ ಮರಾಠಿ ಚರಿತ್ರೆ. ಶಿವಾಜಿ ತೀರಿ ಹೋದದ್ದು 1680ರಲ್ಲಿ. ಅದಾದ ಹತ್ತು ವರ್ಷಗಳಿಗೂ ಮೇಲೆ, ಮಗ ರಾಜಾರಾಮ ದೂರದ ಜಿಂಜಿಯ ಕೋಟೆಯಲ್ಲಿದ್ದಾಗ, ಅವನ ಅಪ್ಪಣೆಯಂತೆ ಬರೆದದ್ದು. ಮುಖ ತೋರಿಸಬೇಡ ಎಂಬ ಮಾತು ಬರುವುದು ಇದರಲ್ಲಿ. ಆದರೆ ಇದರಲ್ಲಿ ಏಳು ಜನರಿಲ್ಲ. ಇದರಲ್ಲಿರುವುದು ದೊಡ್ಡ ಯುದ್ಧ, ನೆತ್ತರಿನ ಹೊಳೆ, ಕತ್ತಿಯೇಟಿಗೆ ಬಿದ್ದ ಸರನೌಬತ.

ನೋಡಿ, ಏಳು ಜನರನ್ನು ಕಂಡ ಪತ್ರಕ್ಕೆ ಮಹಾರಾಜರ ಬೈಗುಳದ ಸುದ್ದಿಯಿಲ್ಲ, ಬೈಗುಳ ಬರೆದ ಬಖರಿಗೆ ಏಳು ಜನರ ಸುದ್ದಿಯಿಲ್ಲ. ಹಾಡು ಎರಡನ್ನೂ ಒಂದೇ ದಾರದಲ್ಲಿ ಪೋಣಿಸಿದೆ. ಘಟನೆ ಒಂದು ಕಡೆಯದು, ಕಾರಣ ಇನ್ನೊಂದು ಕಡೆಯದು. ಇಕ್ಕಟ್ಟಿನ ದಾರಿಯಲ್ಲಿ ಮುಂದೆ ಹೋದವರು ಹಿಂದಿನವರಿಂದ ಕಡಿದುಹೋಗಿ ಸಿಕ್ಕಿಬಿದ್ದರು ಎಂದು ಓದಿದರೂ ಶೇಣವಿಯ ಪತ್ರಕ್ಕೆ ಭಂಗವಿಲ್ಲ. ಹಾಗೆ ಓದಿದರೆ ನನ್ನ ಕಣ್ಣು ತುಂಬುವುದಿಲ್ಲ, ಅಷ್ಟೇ.

ಉಮರಾಣಿಯಲ್ಲಿ ಖಾನನನ್ನು ಬಿಟ್ಟದ್ದೇಕೆ ಎಂಬುದಕ್ಕೂ ಎರಡು ಬಗೆಯ ಮಾತಿದೆ. ಬಾಯಾರಿ ಕೈಮುಗಿದವನನ್ನು ಕೊಲ್ಲಲು ಮನಸ್ಸಾಗಲಿಲ್ಲ ಎಂದು ಒಬ್ಬರು. ಹಣ ಕೈಬದಲಾಯಿತು ಎಂಬ ಗುಮಾನಿ ಇನ್ನೊಬ್ಬರದು. ಈ ಸೀಮೆಯಲ್ಲಿ ಹುಟ್ಟಿದವನಾಗಿ ನಾನು ಮೊದಲನೆಯದನ್ನೇ ನಂಬುವವನು. ನೀರು ಕೇಳಿದವನಿಗೆ ಇಲ್ಲ ಅನ್ನುವುದು ನಮ್ಮಲ್ಲಿ ಹೆಣ ಹೊರಲು ಒಲ್ಲೆ ಅಂದಷ್ಟೇ ದೊಡ್ಡ ಪಾಪ. ಆದರೆ ಅದೇ ಪ್ರತಾಪರಾವನ ಸವಾರರು ಅದೇ ವರ್ಷ ಹುಬ್ಬಳ್ಳಿ ಪೇಟೆಯನ್ನು ಸುಲಿದರು. ಇಂಗ್ಲಿಷರ ಕೋಠಿಯನ್ನೂ ಬಿಡಲಿಲ್ಲ. ಹುಬ್ಬಳ್ಳಿಯ ನೇಕಾರನಿಗೋ ಸಾವುಕಾರನಿಗೋ ಕರುಣೆ ಸಿಕ್ಕಿತೇ ಎಂದು ಹಾಡು ಕೇಳುವಾಗ ನಾನು ಒಮ್ಮೆಯೂ ಯೋಚಿಸಿದವನಲ್ಲ. ಇನ್ನು ಸೇಡಿನ ಮಾತು. ಬಹಲೋಲಖಾನ ಯಾರ ಸೇಡಿಗೂ ಬಲಿಯಾಗಿ ಸಾಯಲಿಲ್ಲ. 1675ರಲ್ಲಿ ಅವನು ತನ್ನ ಹಿರಿಯ ಖವಾಸಖಾನನನ್ನು ಸೆರೆಹಿಡಿದು ಬಿಜಾಪುರದ ಕಾರಭಾರವನ್ನೆಲ್ಲ ತಾನೇ ನಡೆಸಿದ, 1677ರ ಕೊನೆಗೆ ಕಾಯಿಲೆ ಬಿದ್ದು ಸತ್ತ. ಅದಕ್ಕೆ ಹಾಡಿಲ್ಲ.

ಇಂಥ ಕಥೆಗಳಿಗೆ ಲೋಕದಲ್ಲೆಲ್ಲ ಗಿರಾಕಿಗಳಿದ್ದಾರೆ. ನನ್ನ ಮಗ ಪುಣೆಯಿಂದ ಬಂದಾಗ ಜಪಾನಿನ ನಲವತ್ತೇಳು ಸಮುರಾಯಿಗಳ ಸಿನಿಮಾ ತೋರಿಸಿದ. ಆಮೇಲೆ ನಾನು ಅದರ ಬೆನ್ನು ಹತ್ತಿದೆ. ನಿವೃತ್ತ ಮಾಸ್ತರನಿಗೆ ಬೇರೇನು ಕೆಲಸ. 1701ರಲ್ಲಿ ಅಕೋ ಎಂಬ ಸೀಮೆಯ ದೊರೆ ಅಸಾನೋ, ಎಡೋ ಕೋಟೆಯೊಳಗೆ ಕಿರಾ ಎಂಬ ಮುದಿ ಅಧಿಕಾರಿಯ ಮೇಲೆ ಗಿಡ್ಡ ಕತ್ತಿ ಬೀಸಿದ. ಗಾಯವಾಯಿತು, ಪ್ರಾಣ ಹೋಗಲಿಲ್ಲ. ಕೋಟೆಯೊಳಗೆ ಕತ್ತಿ ಹಿರಿದ ತಪ್ಪಿಗೆ ಅಸಾನೋ ಅದೇ ದಿನ ತನ್ನ ಹೊಟ್ಟೆ ತಾನೇ ಸೀಳಿಕೊಂಡು ಸಾಯಬೇಕಾಯಿತು. ಅವನ ಹಳೆಯ ಬಂಟರು ಎರಡು ವರ್ಷ ತುಂಬುವ ಮೊದಲು ಒಂದು ಹಿಮದ ರಾತ್ರಿ ಕಿರಾನ ಮನೆಗೆ ನುಗ್ಗಿ ಅವನ ತಲೆ ಕಡಿದು, ಒಡೆಯನ ಸಮಾಧಿಯ ಮುಂದೆ ಇಟ್ಟರು. ಸರ್ಕಾರ ಆ ನಲವತ್ತೇಳರಲ್ಲಿ ನಲವತ್ತಾರು ಜನರಿಗೆ ಹೊಟ್ಟೆ ಸೀಳಿಕೊಂಡು ಸಾಯುವ ಆಜ್ಞೆ ಮಾಡಿತು. ಇದಿಷ್ಟು ನಡೆದದ್ದು.

ಅಸಾನೋ ಕತ್ತಿ ಬೀಸಿದ್ದೇಕೆ? ಅವನನ್ನು ಹಿಡಿದು ತಡೆದ ಅಧಿಕಾರಿ ಬರೆದಿಟ್ಟ ಟಿಪ್ಪಣಿ ಉಳಿದಿದೆ. ಹಗೆ ಎಂದು ಕೂಗಿದನಂತೆ. ಏನು ಹಗೆ ಎಂಬುದು ಅದರಲ್ಲಿಲ್ಲ. ಕಿರಾ ಲಂಚ ಕೇಳಿದ, ಅವಮಾನ ಮಾಡಿದ ಎಂಬುದೆಲ್ಲ ಆಮೇಲೆ ಸೇರಿಕೊಂಡದ್ದು. 1748ರಲ್ಲಿ ಒಸಾಕಾದಲ್ಲಿ ಗೊಂಬೆಯಾಟದವರು ಇದನ್ನೇ ನಾಟಕ ಕಟ್ಟಿದಾಗ, ಸರ್ಕಾರದ ಭಯಕ್ಕೆ ಹೆಸರು ಬದಲಿಸಿ, ಕಾಲವನ್ನು ಹದಿನಾಲ್ಕನೆಯ ಶತಮಾನಕ್ಕೆ ತಳ್ಳಿ, ಖಳನು ದೊರೆಯ ಹೆಂಡತಿಯ ಮೇಲೆ ಕಣ್ಣುಹಾಕಿದ ಎಂದು ಮಾಡಿದರು. ಜನ ಈಗಲೂ ಅಳುವುದು ಆ ಕಾರಣಕ್ಕೆ. ದೊರೆ ಸತ್ತ ಮೇಲೆ ಸುಮಾರು ಮುನ್ನೂರು ಬಂಟರ ಅಕ್ಕಿಯ ಸಂಬಳ ನಿಂತುಹೋಯಿತು ಎಂಬುದನ್ನು ಮಾತ್ರ ಯಾರೂ ಅಳುತ್ತಾ ಹೇಳುವುದಿಲ್ಲ. ಅವರ ಮುಖಂಡ ಓಯಿಶಿ ಮೊದಲು ಮಾಡಿದ್ದು ಸೇಡಿನ ಸಂಚಲ್ಲ. ದೊರೆಯ ತಮ್ಮನಿಗಾದರೂ ಆ ಮನೆತನ ಉಳಿಸಿಕೊಡಿ ಎಂಬ ಅರ್ಜಿ. 1702ರಲ್ಲಿ ಆ ಅರ್ಜಿ ಬಿದ್ದುಹೋದ ಮೇಲೆ ಕತ್ತಿಯ ಮಾತು ಗಟ್ಟಿಯಾಯಿತು. ಪ್ರಮಾಣ ಮಾಡಿದ್ದ ನೂರಕ್ಕೂ ಹೆಚ್ಚು ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮೆಲ್ಲಗೆ ಜಾರಿಕೊಂಡರು. ಅವರ ಮನೆಯಲ್ಲಿ ಹೆಂಡತಿ ಮಕ್ಕಳಿದ್ದರು, ಇನ್ನೊಂದು ಚಾಕರಿ ಸಿಕ್ಕಿರಬಹುದು. ನಾನಾಗಿದ್ದರೆ ಆ ಜಾರಿದವರಲ್ಲಿ ಮೊದಲನೆಯವನು. ಅದಕ್ಕೇ ಇರಬೇಕು, ಉಳಿದ ನಲವತ್ತೇಳರ ಕಥೆ ನನಗೆ ಅಷ್ಟು ಹಿಡಿಸಿತು.

ನಮ್ಮ ಜತ್ತ ಸಂಸ್ಥಾನದ ಡಫಳೆಯವರ ಕಥೆಯಲ್ಲಿ ಈ ನಾಟಕವೇ ಇಲ್ಲ. ಡಫಳಾಪುರದ ಪಾಟೀಲಕಿಯ ಮನೆತನ ಅದು. ಸಟವಾಜಿರಾವ ಬಿಜಾಪುರದ ಚಾಕರಿ ಮಾಡಿ ಜತ್ತ, ಕರಜಗಿ ಮುಂತಾದ ಮಹಾಲುಗಳ ದೇಶಮುಖಿ ಪಡೆದ. 1686ರಲ್ಲಿ ಬಿಜಾಪುರ ಬಿತ್ತು. ಕೆಲಕಾಲ ಸ್ವತಂತ್ರನಾಗಿದ್ದು, ಆಮೇಲೆ ಔರಂಗಜೇಬನಿಗೆ ತಲೆಬಾಗಿದ. 1820ರಲ್ಲಿ ಅವನ ವಂಶದವರು ಇಂಗ್ಲಿಷರೊಂದಿಗೆ ಒಪ್ಪಂದಕ್ಕೆ ಸಹಿ ಮಾಡಿದರು. ಒಡೆಯ ಬದಲಾದ, ವತನ ಉಳಿಯಿತು. ಇದನ್ನು ದ್ರೋಹ ಎಂದು ಆ ಕಾಲದಲ್ಲಿ ಯಾರೂ ಕರೆದಂತಿಲ್ಲ. ದಖನ್ನಿನ ಸರದಾರರೆಲ್ಲ ಬದುಕಿದ್ದು ಹೀಗೆಯೇ. ಉಮರಾಣಿಯ ಬೇಸಾಯಗಾರನಿಗಂತೂ ಆ ಏಪ್ರಿಲಿನಲ್ಲಿ ಎರಡು ಕಡೆಯವರೂ ಒಂದೇ. ಹಗೇವಿನ ಜೋಳ, ಬಣವೆಯ ಕಣಿಕೆ ಎಳೆದೊಯ್ಯುವ ದಂಡು.

ಇಷ್ಟೆಲ್ಲ ಗೊತ್ತಿದ್ದೂ ಹಾಡು ಬಂದರೆ ಗಂಟಲು ಕಟ್ಟುತ್ತದಲ್ಲ, ಅದರ ಬೇರು ನನ್ನ ಮನೆಯಲ್ಲಿದೆ.

ನಮ್ಮಪ್ಪನಿಗೂ ದೊಡ್ಡಪ್ಪನಿಗೂ ಮಾತಿರಲಿಲ್ಲ. ಎರಡು ಮನೆಗಳ ಹೊಲಗಳ ನಡುವೆ ಒಂದು ಬಾವಿ. ಸಾತಬಾರಾ ಉತಾರದಲ್ಲಿ ಅದು ಈಗಲೂ ಸಾಮಾಯಿಕ ಬಾವಿ ಎಂದೇ ಇದೆ. ಎಂಟು ದಿನ ಅವರ ಪಾಳಿ, ಎಂಟು ದಿನ ನಮ್ಮದು. 1972ರ ದುಷ್ಕಾಳದಲ್ಲಿ ದೊಡ್ಡಪ್ಪ ಪಾಳಿ ಮೀರಿ ನೀರೆತ್ತಿದ, ನಮ್ಮ ಎತ್ತುಗಳಿಗೆ ಕುಡಿಯಲಿಕ್ಕೂ ಬಿಡಲಿಲ್ಲ, ಅಪ್ಪ ಅಂದಿನಿಂದ ಅವರ ಹೊಸ್ತಿಲು ತುಳಿಯಲಿಲ್ಲ ಎಂಬುದು ನಮ್ಮ ಮನೆಯ ಕಥೆ. ಅಪ್ಪ ಸಾಯುವಾಗ ನನ್ನ ಕೈಹಿಡಿದು, “ಅವರ ಮನಿ ನೀರು ಕುಡದಿ ಅಂದ್ರ ನನ್ನ ಮಾರಿ ನೋಡಿದಂಗಲ್ಲ ತಿಳಿ” ಅಂದ. ನಾನು ಆ ಮಾತು ಉಳಿಸಿಕೊಂಡೆ. ಅವರ ಮನೆಯ ಮದುವೆಗಳಿಗೆ ಹೋಗಲಿಲ್ಲ, ದೊಡ್ಡಪ್ಪ ಸತ್ತಾಗ ಮಣ್ಣಿಗೆ ಹೋಗಿ ದೂರ ನಿಂತು ಬಂದೆ. ಊರಲ್ಲಿ ನನಗೆ, ತಂದೆಯ ಮಾತು ಉಳಿಸಿದ ಮಗ ಎಂದು ಹೆಸರಾಯಿತು. ಆ ಹೆಸರಿನ ರುಚಿ ಬಲು ಕೆಟ್ಟದ್ದು. ಜಾತ್ರೆಯಲ್ಲಿ ನಮ್ಮ ತಾಲ್ಲೂಕಿನವನೇ ಆದ ಸಿಂಧೂರ ಲಕ್ಷ್ಮಣನ ನಾಟಕ ನೋಡುವಾಗ, ನಂಬಿದವರೇ ಮೋಸ ಮಾಡುವ ಘಟ್ಟ ಬಂದರೆ, ಮುಂದಿನ ಸಾಲಿನಲ್ಲಿ ಕೂತ ನಾನು ಮೀಸೆಯ ಮೇಲೆ ಕೈಯಿಡುತ್ತಿದ್ದೆ.

ನಮ್ಮ ಸೋದರತ್ತೆಗೆ ಎಂಬತ್ತಾರಾಗಿದೆ. ಕಿವಿ ಮಂದ, ನೆನಪು ಚುರುಕು. ಒಂದು ದಿನ ಈ ಕಥೆಯನ್ನು ನನ್ನ ಮೊಮ್ಮಗನಿಗೆ ಹೇಳುತ್ತಿದ್ದಾಗ ಆಕೆ ನಡುವೆ ಬಾಯಿಹಾಕಿದಳು.

“ಬಾಹತ್ತರ ಸಾಲಿನ್ಯಾಗ ಜಗಳ? ಯಾರು ಹೇಳಿದ್ರೋ ನಿನಗ? ಆ ವರ್ಸ ಬಾವ್ಯಾಗ ನೀರರ ಎಲ್ಲಿತ್ತು ಮೀರಿ ಎತ್ತಾಕ! ಇಬ್ರೂ ಕೂಡಿ ಕೆರಿ ಕೆಲಸಕ್ಕ ಹೋಗತಿದ್ರು. ಅಣ್ಣ ಖಡಿ ಒಡೀತಿದ್ದ, ನಿಮ್ಮಪ್ಪ ಬುಟ್ಟಿ ಹೊರತಿದ್ದ. ಅಲ್ಲಿ ಸುಕಡಿ ಕೊಡತಿದ್ರು. ಅದನ್ನ ಒಂದ ಅರಿವ್ಯಾಗ ಕಟಗೊಂಡು ಬರತಿದ್ರು, ನನ್ನ ಸಲುವಾಗಿ.”

ಮತ್ತೆ ಜಗಳ ಯಾವಾಗಿನದು ಎಂದೆ.

“ನನಗೇನ ಗೊತ್ತು. ಮಾತಾಡತಿದ್ರು, ಬಿಟ್ರು. ಗಂಡಸರು.”

ಸುಕಡಿ ಎಂದರೆ ದುಷ್ಕಾಳದ ಕಾಮಗಾರಿಯ ಮೇಲೆ ಕೂಲಿಯವರಿಗೆ ಕೊಡುತ್ತಿದ್ದ ಸಿಹಿಹಿಟ್ಟಿನ ತಿಂಡಿ. ಅದರ ವಾಸನೆ ನನಗೂ ನೆನಪಿದೆ. ದೊಡ್ಡಪ್ಪನ ಮನೆಯ ಪಡಸಾಲೆಯಲ್ಲಿ ಕೂತು, ಅವರ ಮಗನ ಜೊತೆ, ಕೆಂಪು ಮಿಲೋ ಜೋಳದ ರೊಟ್ಟಿ ಬೇಡವೆಂದು ಹಟಮಾಡಿ ಸುಕಡಿ ತಿಂದದ್ದು ನೆನಪಿದೆ. ಈ ನೆನಪು ನನ್ನ ಹತ್ತಿರ ಮೊದಲಿನಿಂದಲೂ ಇತ್ತು. ಮನೆಯ ಕಥೆಯೂ ಇತ್ತು. ಎರಡನ್ನೂ ಎದುರುಬದುರು ಕೂರಿಸಿ ನೋಡಿದವನಲ್ಲ ನಾನು.

ಆ ರಾತ್ರಿ ನಿದ್ದೆ ಬರಲಿಲ್ಲ. ಕೆದಕುತ್ತ ಹೋದಂತೆ ಇನ್ನೂ ಕೆಟ್ಟದ್ದು ಸಿಕ್ಕಿತು. ಅಪ್ಪ ತೀರಿದ್ದು ಪಾರ್ಶ್ವವಾಯು ಹೊಡೆದು. ಕೊನೆಯ ಹನ್ನೊಂದು ದಿನ ಅವನಿಗೆ ಮಾತೇ ಹೊರಡುತ್ತಿರಲಿಲ್ಲ. ಹಾಗಾದರೆ ಕೈಹಿಡಿದು ಹೇಳಿದ್ದು? ಹೇಳಿದ್ದು ನಿಜ. ಆದರೆ ಎಷ್ಟೋ ವರ್ಷ ಮೊದಲು, ಒಂದು ಮಧ್ಯಾಹ್ನ, ಎತ್ತಿನ ಕೊರಳ ಹಗ್ಗ ಬಿಚ್ಚುತ್ತಾ, ದೊಡ್ಡಪ್ಪನ ಮೇಲಿನ ಏನೋ ಸಿಟ್ಟಿಗೆ ಗೊಣಗಿದ ಮಾತದು. ಅವನು ಹಿಡಿದದ್ದು ನನ್ನ ಕೈಯನ್ನಲ್ಲ, ಎತ್ತಿನ ಹಗ್ಗವನ್ನು. ಅದನ್ನು ಅಲ್ಲಿಂದ ಎತ್ತಿ ಸಾವಿನ ಹಾಸಿಗೆಯ ಪಕ್ಕಕ್ಕೆ ತಂದಿಟ್ಟವನು ನಾನು. ಯಾವಾಗ ತಂದಿಟ್ಟೆ ಎಂಬುದು ಹೊಳೆಯುತ್ತಿಲ್ಲ. ಸಭಾಸದನ ಮೇಲೆ ನನಗೆ ಈಗ ಕೋಪವಿಲ್ಲ. ಸತ್ತ ಒಡೆಯನ ಮಗನ ಮುಂದೆ ಕೂತು ಹಳೆಯದನ್ನು ಬರೆಯುವವನಿಗೆ ಕಾರಣಗಳು ತಾವಾಗಿಯೇ ಬಂದು ಲೇಖಣಿಗೆ ಅಂಟಿಕೊಳ್ಳುತ್ತವೆ. ಬರೆಯುವಾಗ ಅವನೂ ಅದನ್ನು ನಂಬಿಯೇ ಬರೆದಿರಬೇಕು.

ಇನ್ನು ಅಕ್ಕಿಯ ಸಂಬಳದ ಲೆಕ್ಕ. ಮಾತು ಬಿಟ್ಟ ಮೇಲೆ ದೊಡ್ಡಪ್ಪನ ಮಕ್ಕಳು ಬಾವಿಯ ಹತ್ತಿರ ನಮ್ಮ ಮುಖ ನೋಡುವುದು ಬೇಡವೆಂದು ಪಾಳಿಗೆ ಬರುವುದನ್ನೇ ಬಿಟ್ಟರು. ಸಾಲ ಮಾಡಿ ಬೋರು ಕೊರೆಸಿದರು. ಮೊದಲನೆಯದು ಒಣ, ಎರಡನೆಯದರಲ್ಲಿ ಒಂದಿಂಚು. ಬಾವಿಯ ಹದಿನಾರೂ ದಿನ ನನ್ನ ಪಾಲಾಯಿತು. ನಾನು ದಾಳಿಂಬೆ ಹಚ್ಚಿದೆ. ಮಗ ಪುಣೆಗೆ ಇಂಜಿನಿಯರಿಂಗಿಗೆ ಹೋದದ್ದು ಆ ದಾಳಿಂಬೆಯ ಹಣದಲ್ಲಿ. ನನ್ನ ಪಿತೃಭಕ್ತಿ ಸ್ವಲ್ಪ ಕಡಿಮೆಯಾಗಿ, ಒಂದು ಸಂಜೆ ಅವರ ಪಡಸಾಲೆಗೆ ಹೋಗಿ ನೀರು ಕೇಳಿ ಕುಡಿದಿದ್ದರೆ, ಮರುದಿನವೇ ಅವರು ಪಾಳಿ ಕೇಳುತ್ತಿದ್ದರು. ಇದು ನನಗೆ ಆಗಲೂ ತಿಳಿದಿತ್ತು. ತಿಳಿದಿರಲಿಲ್ಲ ಎಂದು ಬರೆದರೆ ಇಷ್ಟು ಹೊತ್ತು ಬಖರಿನವರನ್ನು ಜರೆದದ್ದು ವ್ಯರ್ಥ.

2022ರ ನವೆಂಬರದಲ್ಲಿ ಕರ್ನಾಟಕದ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಜತ್ತ ತಾಲ್ಲೂಕಿನ ನಲವತ್ತು ಹಳ್ಳಿಗಳ ಮಾತೆತ್ತಿದರು. ಕರ್ನಾಟಕ ಸೇರುತ್ತೇವೆಂದು ಅವು ಠರಾವು ಮಾಡಿದ್ದವಲ್ಲ ಎಂದರು. ಅದು 2012ರ ಹಳೇ ಠರಾವು, ಒಂದು ಹಳ್ಳಿಯೂ ಹೋಗುವುದಿಲ್ಲ ಎಂದು ದೇವೇಂದ್ರ ಫಡಣವೀಸರು ಉತ್ತರ ಕೊಟ್ಟರು. ಒಂದು ವಾರ ನಮ್ಮ ಕಡೆಯ ಚಹಾದಂಗಡಿಗಳಲ್ಲೆಲ್ಲ ಟೀವಿಯವರು. ಮೈಕು ಹಿಡಿದ ಹುಡುಗ ನನ್ನನ್ನೂ ಕೇಳಿದ, ನಿಮ್ಮ ನಿಷ್ಠೆ ಯಾವ ರಾಜ್ಯಕ್ಕೆ ಎಂದು. ಪಕ್ಕದಲ್ಲಿ ಕೂತ ಮುದುಕ ನನಗಿಂತ ಮೊದಲೇ, “ಯಾರು ಮೊದಲ ನೀರ ಬಿಡತಾರ ಅವರಿಗೆ” ಅಂದುಬಿಟ್ಟ. ಎಲ್ಲರೂ ನಕ್ಕರು. ಮೂರು ನೂರ ಐವತ್ತು ವರ್ಷಗಳ ಹಿಂದೆ ಬಹಲೋಲಖಾನನೂ ಇದನ್ನೇ ಹೇಳಿದ್ದ, ಸ್ವಲ್ಪ ಮರ್ಯಾದೆಯ ಮಾತಿನಲ್ಲಿ. ಗಡಿಯಾಚೆಯ ತುಬಚಿ–ಬಬಲೇಶ್ವರ ಯೋಜನೆಯ ನೀರು ನಮ್ಮ ಕಡೆಯ ಕೆರೆಗೂ ಬಂತು, ಇತ್ತ ಮ್ಹೈಸಾಳ ನೀರಾವರಿ ಯೋಜನೆಯ ವಿಸ್ತರಣೆಯ ಕಡತಗಳಿಗೂ ಕಾಲು ಬಂದವು. ನಲವತ್ತು ಹಳ್ಳಿಯವರನ್ನು ಅವಕಾಶವಾದಿಗಳೆಂದು ಬರೆದ ಪತ್ರಿಕೆಗಳೂ ಇದ್ದವು. ನನಗೆ ಮಾತ್ರ ಆ ಮುದುಕನ ಮಾತಿನಲ್ಲಿ ನನ್ನ ಎಲ್ಲ ಪಿತೃಭಕ್ತಿಗಿಂತ ಹೆಚ್ಚು ಮಾನ ಕಂಡಿತು. ಅವನು ತನ್ನ ಬೆಲೆಯನ್ನು ಬಾಯಿಬಿಟ್ಟು ಹೇಳಿದ.

ಹಾಗೆಂದು ಎಲ್ಲವೂ ಲಾಭದ ಲೆಕ್ಕ ಎಂದು ಷರಾ ಬರೆಯಲೂ ಆಗುತ್ತಿಲ್ಲ. ಆ ಆರು ಜನ ಅಡ್ಡ ಬರುತ್ತಾರೆ. ಮಹಾರಾಜರ ಕಾಗದ ನಿಜವೇ ಇರಲಿ, ಅದು ಬಂದದ್ದು ಪ್ರತಾಪರಾವನಿಗೆ. ಮುಖ ಕಳೆದುಕೊಂಡವನು ಅವನು. ನಂತರವೂ ಆದರ ಸಿಕ್ಕಿದ್ದು ಅವನ ಮನೆತನಕ್ಕೆ. ಅವನ ಮಗಳು ಜಾನಕೀಬಾಯಿಯನ್ನು ರಾಜಾರಾಮನಿಗೆ ತಂದುಕೊಂಡರು. ಹಿಂದೆ ಹೋದ ಆರು ಕುದುರೆಗಳ ಮೇಲಿದ್ದವರಿಗೆ ಯಾರೂ ಏನೂ ಬರೆದಿರಲಿಲ್ಲ. ಅವರ ಹೆಸರು ಎಂದು ಈಗ ಫಲಕಗಳ ಮೇಲೆ ಓದುವ ಪಟ್ಟಿ ಶೇಣವಿಯ ಪತ್ರದಲ್ಲಿಲ್ಲ. ಲಗಾಮು ಸಡಿಲಿಸುವಾಗ ಅವರ ಮನಸ್ಸಿನಲ್ಲಿ ಏನಿತ್ತು? ಭಕ್ತಿಯೇ, ನಾಚಿಕೆಯೇ, ಮುಂದಿನ ಕುದುರೆ ಓಡಿದರೆ ಹಿಂದಿನದೂ ಓಡುವ ಸ್ವಭಾವವೇ?

ನನ್ನ ಹಿಂದೆ ಬಂದದ್ದು ನನ್ನ ತಮ್ಮ. ದೊಡ್ಡಪ್ಪನ ಕಿರಿಮಗ ಅವನ ಓರಿಗೆಯವನು. ಒಂದೇ ತಾಟಿನಲ್ಲಿ ಉಂಡವರು, ಒಂದೇ ಸೈಕಲ್ಲಿನ ಮೇಲೆ ಜತ್ತಿಗೆ ಹೋಗಿ ಹೈಸ್ಕೂಲು ಕಲಿತವರು. ಅಪ್ಪ ತೀರಿದ ಮೇಲೆ ನಾನು ಒಮ್ಮೆ, ಒಮ್ಮೆ ಮಾತ್ರ, ಅವರ ಮನೆಗೆ ಹೋಗುವುದು ಇನ್ನು ಸಾಕು ಎಂದೆ. ಅವನು ಕಾರಣ ಕೇಳಲಿಲ್ಲ. ಹೋಗುವುದು ಬಿಟ್ಟ. ಬಾವಿ ಅವನ ಪಾಲಿಗೆ ಬಂದಿಲ್ಲ, ದಾಳಿಂಬೆ ಅವನದಲ್ಲ. ಅವನಿಗೆ ಸಿಕ್ಕಿದ್ದು ಏನೂ ಇಲ್ಲ. ಹೋದದ್ದು ಒಬ್ಬ ಗೆಳೆಯ. ಹಾಡಿನ ಆರು ಕುದುರೆಗಳ ಸದ್ದಿನಲ್ಲಿ ನನಗೆ ಕೇಳಿಸುತ್ತಿದ್ದದ್ದು ಇವನೇ ಎಂದು ಈಗ ಅನ್ನಿಸಿ, ಎದೆ ಭಾರವಾಗಿ, ಹೋದ ಶ್ರಾವಣದಲ್ಲಿ ಅವನನ್ನು ತೋಟಕ್ಕೆ ಕರೆದು ಕೂರಿಸಿಕೊಂಡೆ. ಅತ್ತೆ ಹೇಳಿದ್ದು, ಅಪ್ಪನ ಮಾತು ನಿಜವಾಗಿ ಎಲ್ಲಿಯದು ಎಂಬುದು, ಬಾವಿಯ ಲೆಕ್ಕ, ಎಲ್ಲವನ್ನೂ ಹೇಳಿದೆ. ನಿನ್ನ ಗೆಳೆತನ ನನ್ನ ಮಾತಿಗೆ ಬಲಿಯಾಯಿತಲ್ಲೋ ಎಂದೆ. ಹೇಳುವಾಗ ನನ್ನ ದನಿ ಸ್ವಲ್ಪ ನಾಟಕದವರ ದನಿಯಂತೆಯೇ ಇತ್ತೆಂದು ಈಗ ತೋರುತ್ತದೆ.

ಅವನು ಎಲೆ ಅಡಿಕೆ ಮಡಚುತ್ತಾ ಪೂರಾ ಕೇಳಿದ.

“ಅಣ್ಣಾ, ನಿನ್ನ ಮಾತಿಗೆ ಬಿಟ್ಟೆ ಅಂತ ತಿಳದಿಯೇನ? ಅಂವಾ ನನ್ನ ಎಚ್ಚೆಮ್ಟಿ ವಾಚು ಲಗ್ನಕ್ಕ ಕಟಗೊಂಡು ಹೋಗಿ ಕೊಡಲೇ ಇಲ್ಲ. ಮಾವ ಕೊಟ್ಟಿದ್ದ ವಾಚು ಅದು. ಎಲ್ಡ ಸಲ ಕೇಳಿದೆ, ಇವತ್ತ ನಾಳೆ ಅಂದ. ಬರಬ್ಯಾಡ ಅಂತ ನೀ ಅಂದಿ, ಚಲೋನ ಆತು ಅಂತ ಬಿಟ್ಟೆ.”

ಈಗ ಎಲ್ಲಿದೆ ವಾಚು ಎಂದೆ.

“ಅವನ ಮಗನ ಕೈಯಾಗ ಐತಿ. ಮೊನ್ನಿ ಸಂತ್ಯಾಗ ನೋಡಿದೆ. ಹನ್ನೆರಡು ನಿಮಿಷ ಮುಂದ ಓಡತೈತಿ.”